ಬಟನ್ ಮೇಲೆ ಮೊದಲು ಕನ್ನಡ ಬರೆಯಿರಿ

ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರ ಹಾಲಿನ ಡೇರಿ. ಬೆಳಿಗ್ಗೆ ಆರೂವರೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಅಜ್ಜಿಯ ಕೈಗೆ ಫೋನ್ ಕೊಟ್ಟು, "ಹೋದ ವಾರದ ದುಡ್ಡು ಎಷ್ಟು ಬಂತು ನೋಡ್ತೀರಾ ಅಜ್ಜಿ?" ಎಂದೆ. ಪರದೆಯಲ್ಲಿ 'ಪಾವತಿ ಇತಿಹಾಸ' ಎಂಬ ದೊಡ್ಡ ಹಸಿರು ಬಟನ್ ಇತ್ತು. ಅಜ್ಜಿ ಅದನ್ನು ಅಕ್ಷರ ಕೂಡಿಸಿ ಓದಿದರು, ಮುಟ್ಟಲಿಲ್ಲ. "ಇತಿಹಾಸ ಅಂದ್ರೆ ರಾಜರ ಕತೆ ಅಲ್ವೇನವ್ವ? ನನ್ ಬಟವಾಡೆ ಎಲ್ಲೈತೆ?"

ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವುದು ನನ್ನ ಹೊಟ್ಟೆಪಾಡು. ಇಂಗ್ಲಿಷಿನಲ್ಲಿ ಎಲ್ಲ ಮುಗಿಸಿ, ಕೊನೆಯ ವಾರ ಅನುವಾದಕರಿಗೆ ಒಂದು ಎಕ್ಸೆಲ್ ಹಾಳೆ ಕಳಿಸುವುದು ನಮ್ಮಲ್ಲಿ ವಾಡಿಕೆ. ಆ ಹಾಳೆಯಿಂದ ಬಂದದ್ದೇ 'ಪಾವತಿ ಇತಿಹಾಸ'. ಈಗ ನಾನು ಉಲ್ಟಾ ಮಾಡುತ್ತೇನೆ. ನೀವೂ ಹಾಗೆ ಮಾಡುವುದಾದರೆ ಇಲ್ಲಿಂದ ಶುರು ಮಾಡಿ.

ಪರದೆ ವಿನ್ಯಾಸದ ತಂತ್ರಾಂಶವಾದ ಫಿಗ್ಮಾ ತೆರೆಯುವ ಮೊದಲು ಒಂದು ದಿನ ಆ ಜಾಗದಲ್ಲಿ ಸುಮ್ಮನೆ ಕೂತು, ಜನ ಆಡುವ ಪದ ಬರೆದುಕೊಳ್ಳಿ. ಕೇಳಬೇಡಿ, ಕೇಳಿದರೆ ನಿಮ್ಮನ್ನು ಮೆಚ್ಚಿಸಲು ಪುಸ್ತಕದ ಮಾತು ಆಡುತ್ತಾರೆ. ನನ್ನ ಪಟ್ಟಿಯಲ್ಲಿ ಸಿಕ್ಕಿದ್ದು: ಬಟವಾಡೆ, ಫ್ಯಾಟು, ಡಿಗ್ರಿ, ಹಿಂಡಿ, ಬೂಸಾ. ನಾವು ಬರೆದಿದ್ದ 'ಕೊಬ್ಬಿನಂಶ' ಒಬ್ಬರ ಬಾಯಲ್ಲೂ ಬರಲಿಲ್ಲ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ತೋರಿಸುವುದು ಅವರಿಗೆ ಡಿಗ್ರಿ, ಅಷ್ಟೇ. ಇಂಗ್ಲಿಷ್ ಪದ ಬಂತಲ್ಲ ಎಂದು ಮುಜುಗರ ಪಡಬೇಡಿ. ಓಟಿಪಿ ಓಟಿಪಿಯಾಗಿಯೇ ಇರಲಿ.

ಆಮೇಲೆ ಅಕ್ಷರ. ಇಂಗ್ಲಿಷಿಗೆ ಅಳೆದ ಪೆಟ್ಟಿಗೆಯಲ್ಲಿ ಕನ್ನಡ ಕೂರುವುದಿಲ್ಲ, ಅಗಲಕ್ಕಿಂತ ಎತ್ತರದಲ್ಲಿ ತೊಂದರೆ. ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ನನ್ನ ಪರೀಕ್ಷಾ ಪದ 'ರಾಷ್ಟ್ರೀಕೃತ'. ಪ್ರತಿ ಬಟನ್‌ನಲ್ಲೂ ಮೊದಲು ಅದನ್ನು ಹಾಕಿ ನೋಡುತ್ತೇನೆ. ಅದರ ಬಾಲ ಕತ್ತರಿಸಿ ಹೋಗದಿದ್ದರೆ ಉಳಿದದ್ದೂ ಹೋಗುವುದಿಲ್ಲ. ಅಕ್ಷರದ ಗಾತ್ರ 16 ಇದ್ದರೆ ಸಾಲಿನ ಎತ್ತರ 24ಕ್ಕಿಂತ ಕಡಿಮೆ ಇಡುವುದಿಲ್ಲ, 26 ಇದ್ದರೆ ಇನ್ನೂ ನೆಮ್ಮದಿ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಬಿಡಿ. ಇಂಗ್ಲಿಷ್ ಶೀರ್ಷಿಕೆ ಚೆಂದ ಕಾಣಲೆಂದು ಬಿಗಿ ಮಾಡುವ ಚಟ ಇಲ್ಲಿ ತಂದರೆ ಒತ್ತುಗಳು ಒಂದರ ಮೇಲೊಂದು ಹತ್ತುತ್ತವೆ. ಇಂಗ್ಲಿಷಿನ ಕ್ಯಾಪಿಟಲ್‌ನಂಥ ದೊಡ್ಡಕ್ಷರ ನಮ್ಮಲ್ಲಿಲ್ಲ, ಹಾಗಾಗಿ ಯಾವುದು ಮುಖ್ಯ ಎಂಬುದನ್ನು ಗಾತ್ರ ಮತ್ತು ದಪ್ಪದಿಂದಲೇ ತೋರಿಸಬೇಕು. ಓದುವ ಪಠ್ಯಕ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಫಾಂಟ್ ಸಾಕು. 'ಬಾಲೂ ತಮ್ಮ' ಎಂಬ ಫಾಂಟ್ ನನಗೆ ಬಲು ಇಷ್ಟ, ಆದರೆ ಶೀರ್ಷಿಕೆಯಾಚೆ ಅದನ್ನು ಬಿಡುವುದಿಲ್ಲ.

'ಕಳಿಸು' ಅನ್ನಬೇಕೋ 'ಕಳಿಸಿ' ಅನ್ನಬೇಕೋ ಎಂದು ನಮ್ಮ ಆಫೀಸಿನಲ್ಲಿ ಒಂದು ಮಧ್ಯಾಹ್ನವಿಡೀ ಜಗಳ ನಡೆದಿದೆ. ಮನುಷ್ಯ ಫೋನಿಗೆ ಹೇಳುತ್ತಿರುವುದರಿಂದ 'ಕಳಿಸು' ಸರಿ ಎಂಬುದು ಒಂದು ಪಕ್ಷ. ತರ್ಕ ಅವರದೇ ಗಟ್ಟಿ. ಆದರೆ ಅರವತ್ತು ದಾಟಿದವರು ಅದನ್ನು ಓದಿದಾಗ ಫೋನು ತಮಗೆ ಏಕವಚನದಲ್ಲಿ ಹೇಳಿತು ಎಂದೇ ಅಂದುಕೊಳ್ಳುತ್ತಾರೆ. ನಾನು 'ಕಳಿಸಿ' ಪಕ್ಷ. ಯಾವುದನ್ನೇ ಹಿಡಿಯಿರಿ, ಒಂದು ಪರದೆಯಲ್ಲಿ ಬಹುವಚನ ಇನ್ನೊಂದರಲ್ಲಿ ಏಕವಚನ ಮಾತ್ರ ಬೇಡ.

ಪ್ರೋಗ್ರಾಂ ಬರೆಯುವ ಗೆಳೆಯರಿಗೆ ಮೊದಲ ದಿನವೇ ಒಂದು ಮಾತು ಹೇಳಿಡಿ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರ್ ಅದನ್ನು ಆರು ಯೂನಿಕೋಡ್ ಸಂಕೇತಗಳಾಗಿ ಎಣಿಸುತ್ತದೆ. ಹೆಸರಿನ ಖಾನೆಗೆ 20 ಸಂಕೇತ ಎಂದು ಮಿತಿ ಹಾಕಿದರೆ ಪಾಪ, ಉದ್ದ ಹೆಸರಿನವರು ನಡುವೆಯೇ ತುಂಡಾಗುತ್ತಾರೆ. ಎಸ್ಸೆಮ್ಮೆಸ್ಸೂ ಹಾಗೆಯೇ: ಇಂಗ್ಲಿಷಿನಲ್ಲಿ ಒಂದಕ್ಕೆ 160 ಸಂಕೇತ ಹಿಡಿಸಿದರೆ ಕನ್ನಡದಲ್ಲಿ 70. ಸಂದೇಶ ಚಿಕ್ಕದಾಗಿ ಬರೆಯಿರಿ, ಮೊತ್ತ ಮೊದಲು ಬರಲಿ.

ಕೊನೆಗೆ ಜನರ ಕೈಗೆ ಕೊಡಿ. ಐದು ಜನರೊಡನೆ ಪರೀಕ್ಷಿಸಿದರೆ ಮುಖ್ಯ ತಪ್ಪುಗಳು ಹೆಚ್ಚಿನವು ಸಿಗುತ್ತವೆ ಎಂದು ಬಳಕೆ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ನನಗೆ ಮೂರನೆಯವರ ಹೊತ್ತಿಗೇ ಮುಖ ಕೆಂಪಾಗಿರುತ್ತದೆ. ಕೆಲಸ ಹೇಳಿ, ಬಾಯಿ ಮುಚ್ಚಿಕೊಳ್ಳಿ. "ಇಲ್ಲಿ ಒತ್ತಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಕೈಕಟ್ಟಿ ನಿಲ್ಲಿ. "ಚೆನ್ನಾಗೈತೆ ಬುಡವ್ವ" ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ದಾಕ್ಷಿಣ್ಯದ ಮಾತು. ಹೆಬ್ಬೆರಳು ಎಲ್ಲಿ ತಡವರಿಸಿತು ಅಷ್ಟನ್ನೇ ನೋಡಿ. ಬಿಸಿಲಿಗೆ ಹೋಗಿ ನೋಡಿ; ತೆಳು ಬೂದುಬಣ್ಣದ ಅಕ್ಷರ ಅಲ್ಲಿ ಮಾಯ. ಹಿನ್ನೆಲೆಗೂ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬ ಡಬ್ಲ್ಯೂಸಿಎಜಿ (ಜಾಲತಾಣ ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹಾಲು ಕರೆದು ಬಂದ ಒದ್ದೆ ಬೆರಳಿಗೆ ಆಂಡ್ರಾಯ್ಡ್ ಹೇಳುವ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್ ಬಟನ್ ಕೂಡ ಚಿಕ್ಕದೇ. ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿಯೂ ಒಮ್ಮೆ ತೆರೆಯಿರಿ. ವಯಸ್ಸಾದವರ ಫೋನುಗಳಲ್ಲಿ ಮೊಮ್ಮಕ್ಕಳು ಹಾಗೇ ಇಟ್ಟುಕೊಟ್ಟಿರುತ್ತಾರೆ.

ಎರಡನೇ ಸಲ ಹೋದಾಗ ಬಟನ್ ಮೇಲೆ 'ಬಟವಾಡೆ' ಎಂದಷ್ಟೇ ಇತ್ತು. ಅಜ್ಜಿ ನಾನು ಕೇಳುವ ಮೊದಲೇ ಒತ್ತಿದರು, ಮೊತ್ತ ಓದಿದರು, ಫೋನನ್ನು ನನ್ನ ಕೈಗಿಟ್ಟು ಸೀದಾ ಕಾರ್ಯದರ್ಶಿಯ ಮೇಜಿಗೆ ಹೋದರು. "ಹಿಂಡಿ ದುಡ್ಡು ಎಷ್ಟು ಹಿಡ್ಕೊಂಡಿದೀಯಪ್ಪ, ಇದ್ರಲ್ಲಿ ತೋರುಸ್ತಾನೇ ಇಲ್ಲ?"

ಆ ಸಾಲು ನಮ್ಮ ಪರದೆಯಲ್ಲಿ ಇರಲೇ ಇಲ್ಲ. ಬೆಂಗಳೂರು ಬಸ್ಸಿನಲ್ಲಿ ಕೂತು ಪುಸ್ತಕದ ಹೊಸ ಹಾಳೆಯಲ್ಲಿ ಬರೆದುಕೊಂಡೆ: 'ಹಿಡಿದುಕೊಂಡದ್ದು', ಮೊತ್ತದ ಕೆಳಗೆ, ಅದೇ ಗಾತ್ರದಲ್ಲಿ.