ಡರ್ಬಿ ಮ್ಯಾಚಿನಲ್ಲಿ ರೆಫರಿ ಕೈಗೆ ಮೈಕ್: ನನ್ನ ಅನುಭವ

ನಾನು ಫುಟ್‌ಬಾಲ್ ರೆಫರಿ. ಡರ್ಬಿಯಲ್ಲಿ, ಅಂದರೆ ಅಕ್ಕಪಕ್ಕದ ಎರಡು ತಂಡಗಳ ಹಳೇ ಪೈಪೋಟಿಯ ಮ್ಯಾಚಿನಲ್ಲಿ, ದೊಡ್ಡ ತೀರ್ಮಾನಗಳನ್ನು ರೆಫರಿಯೇ ಮೈಕಿನಲ್ಲಿ ಹೇಳಬೇಕು ಎಂದು ನಾನು ಮೊದಲು ಹೇಳಿದಾಗ ಜೊತೆಯ ರೆಫರಿಗಳು ಯಾರೂ ಒಪ್ಪಲಿಲ್ಲ. "ಉರಿಯೋ ಬೆಂಕಿಗೆ ತುಪ್ಪ ಸುರಿಯೋ ಕೆಲಸ ಯಾಕಪ್ಪಾ ನಿನಗೆ?" ಎಂದರು ಹಿರಿಯರೊಬ್ಬರು. ಈಗ ಎರಡು ಸೀಸನ್ ಕಳೆದಿದೆ. ಅದೇ ಎರಡು ತಂಡ, ಅದೇ ಗ್ಯಾಲರಿ, ಅದೇ ಡ್ರಮ್ಮು. ಒಂದು ಮ್ಯಾಚೂ ಅರ್ಧಕ್ಕೆ ನಿಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಂಡಗಳ ಹೆಸರು ಬೇಡ. ಒಂದು ನೀಲಿ, ಇನ್ನೊಂದು ಬಿಳಿ ಎಂದಿಟ್ಟುಕೊಳ್ಳಿ. ಪಕ್ಕಪಕ್ಕದವರು, ವರ್ಷಗಟ್ಟಲೆ ಮುಖ ನೋಡಿ ಮಾತಾಡದವರು. ನಾನು ಈ ಮ್ಯಾಚ್ ಕೈಗೆತ್ತಿಕೊಳ್ಳುವ ಮೊದಲು ಎರಡು ಸಲ ಆಟ ಅರ್ಧಕ್ಕೆ ನಿಂತಿತ್ತು. ಒಮ್ಮೆ ಪೆನಾಲ್ಟಿಗೆ, ಇನ್ನೊಮ್ಮೆ ಕೆಂಪು ಕಾರ್ಡಿಗೆ.

ಡರ್ಬಿ ಆಡಿಸಿದವರಿಗೆ ಗೊತ್ತು, ಕಷ್ಟ ಇರುವುದು ವಿಷಲ್ ಊದಿದ ಮೇಲಿನ ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ. ಗ್ಯಾಲರಿಯಲ್ಲಿ ಕೂತವನಿಗೆ ನಮ್ಮ ಕೈ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಜನ ಸುಮ್ನೆ ಕೂರುತ್ತಾರಾ? ತಾವೇ ಒಂದು ಹುಟ್ಟಿಸಿಕೊಳ್ಳುತ್ತಾರೆ. "ದುಡ್ಡು ತಿಂದವ್ನೆ", "ಅವರ ಕಡೆಯವನು". ಒಬ್ಬ ಕೂಗಿದ್ದನ್ನು ನೂರು ಜನ ಹಿಡಿದುಕೊಳ್ಳುತ್ತಾರೆ. ಆಮೇಲೆ ನೀವು ಏನು ಹೇಳಿದರೂ ಯಾರ ಕಿವಿಗೂ ಬೀಳುವುದಿಲ್ಲ.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ನಡೆದದ್ದು ನಿಮಗೆ ನೆನಪಿದೆ. ಎಕ್ಸ್‌ಟ್ರಾ ಟೈಮಿನಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ, ಎದುರಿನವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀ ಕಿಕ್ಕನ್ನು ಬೇಗ ಹೊಡೆದರು, ಗೋಲ್ ಆಯಿತು, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಆಮೇಲೆ ಅವರಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯದ ನಿಷೇಧ. ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನಗೆ ಕಂಡದ್ದು ಬೇರೆ. ಅಷ್ಟು ಸಾವಿರ ಜನ ಕೂತಿದ್ದಾರೆ, ಅವರಿಗೆ ಕಾರಣ ಹೇಳುವ ವ್ಯವಸ್ಥೆಯೇ ಇರಲಿಲ್ಲ.

ಅದೇ ವರ್ಷ ಫೆಬ್ರವರಿಯಲ್ಲಿ ಮೊರಾಕೊದ ಕ್ಲಬ್ ವಿಶ್ವಕಪ್ಪಿನಲ್ಲಿ ಫಿಫಾ ಒಂದು ಪ್ರಯೋಗ ಶುರು ಮಾಡಿತ್ತು. ವಿಎಆರ್, ಅಂದರೆ ವಿಡಿಯೋ ಮರುನೋಟ, ನೋಡಿ ಬಂದ ಮೇಲೆ ರೆಫರಿಯೇ ಸ್ಟೇಡಿಯಂ ಸ್ಪೀಕರಿನಲ್ಲಿ ತೀರ್ಮಾನ ಹೇಳುವುದು. ಆಗಸ್ಟ್ ಹೊತ್ತಿಗೆ ಮಹಿಳಾ ವಿಶ್ವಕಪ್ಪಿನಲ್ಲಿ ಎಲ್ಲರೂ ಅದನ್ನು ನೋಡಿದರು. ನಮಗೆ ವಿಎಆರ್ ಎಲ್ಲಿಂದ ಬರಬೇಕು? ಆದರೆ ಮೈಕ್ ಇದೆ. ಕಾಮೆಂಟರಿಗೆ ಇರುವ ಅದೇ ಮೈಕ್, ಅದೇ ಸ್ಪೀಕರ್. ನನ್ನ ತಲೆಗೆ ಹೊಳೆದದ್ದು ಇಷ್ಟೇ.

ಮೊದಲು ಸುಲಭದ ದಾರಿ ಹಿಡಿದೆವು. ನಾನು ಫೋರ್ತ್ ಅಫಿಶಿಯಲ್‌ಗೆ (ಮೈದಾನದ ಹೊರಗೆ ನಿಲ್ಲುವ ಸಹಾಯಕ ರೆಫರಿಗೆ) ಹೇಳುವುದು, ಅವನು ಕಾಮೆಂಟೇಟರ್‌ಗೆ ಹೇಳುವುದು, ಕಾಮೆಂಟೇಟರ್ ಜನಕ್ಕೆ ಹೇಳುವುದು. ಅದು ಒಂದೇ ಮ್ಯಾಚಿಗೆ ಕೆಟ್ಟಿತು. ನಾನು ಹೇಳಿ ಕಳಿಸಿದ್ದು "ಬಿಳಿ ನಾಲ್ಕು, ಹಿಂದಿನಿಂದ ಎಳೆದಿದ್ದಾನೆ, ಕೆಂಪು ಕಾರ್ಡ್" ಎಂದು. ಸ್ಪೀಕರಿನಲ್ಲಿ ಬಂದದ್ದು "ಅಯ್ಯಯ್ಯೋ, ಬಿಳಿ ತಂಡಕ್ಕೆ ಎಂಥಾ ಆಘಾತ, ಎಂಥಾ ಕಠಿಣ ತೀರ್ಮಾನ!" ಎಂದು. ಕಾಮೆಂಟರಿಯವರ ಕೆಲಸವೇ ಬಣ್ಣ ಹಚ್ಚುವುದು. ಆ "ಕಠಿಣ" ಎಂಬ ಒಂದು ಮಾತಿಗೆ ಬಿಳಿ ಗ್ಯಾಲರಿಯಿಂದ ನೀರಿನ ಬಾಟಲಿಗಳು ಬಂದು ಬಿದ್ದವು. ಹೇಳುವ ಬಾಯಿ ರೆಫರಿಯದ್ದೇ ಆಗಬೇಕು. ಅವತ್ತೇ ತೀರ್ಮಾನ ಆಯಿತು.

ಎರಡನೇ ದಾರಿ ಕೈ ಮೈಕ್. ಮೈದಾನದ ಉದ್ದದ ಗೆರೆ, ಟಚ್‌ಲೈನ್, ಹತ್ತಿರ ಟೇಬಲ್ ಮೇಲೆ ಇಟ್ಟಿದ್ದೆವು. ಇದೂ ಆಗಲಿಲ್ಲ. ಪೆನಾಲ್ಟಿ ಕೊಟ್ಟು ಟೇಬಲ್ ಕಡೆ ಓಡಿದರೆ ಎಂಟು ಜನ ಆಟಗಾರರು ಬೆನ್ನ ಹಿಂದೆ. "ಸರ್, ಸರ್, ಒಂದ್ನಿಮಿಷ ಸರ್" ಎನ್ನುತ್ತಾ ಬೆಂಚಿನವರೂ ಎದ್ದು ಬರುತ್ತಾರೆ. ನೀವಾಗಿ ನೀವೇ ಜಗಳದ ಜಾಗಕ್ಕೆ ಹೋದಂತೆ.

ಕೊನೆಗೆ ಕಾಲರ್ ಮೈಕ್. ಇಲ್ಲಿಂದ ದುಡ್ಡಿನ ಮಾತು. ಗಾಳಿಗೆ, ಬೆವರಿಗೆ, ಓಟಕ್ಕೆ ತಡೆಯುವ ಸೆಟ್ ಬೇಕು ಅಂದರೆ ನಮ್ಮ ಎಂಟು ಹತ್ತು ಮ್ಯಾಚಿನ ಫೀಸು ಒಟ್ಟಿಗೆ ಹೋಗುತ್ತದೆ. ಕಮಿಟಿಯವರನ್ನು ಕೇಳಿದೆ. ಟ್ರೋಫಿಗೆ ದುಡ್ಡಿದೆ, ಬ್ಯಾನರಿಗೆ ದುಡ್ಡಿದೆ, ರೆಫರಿ ಮೈಕಿಗೆ ಇಲ್ಲ. ಲೈನ್ಸ್‌ಮನ್‌ಗಳಿಬ್ಬರೂ ಪಾಲು ಹಾಕಲು ಹಿಂದೆಮುಂದೆ ನೋಡಿದರು. ಅವರ ಫೀಸು ನನ್ನದಕ್ಕಿಂತ ಕಡಿಮೆ, ತಪ್ಪು ಹೇಳುವಂತಿಲ್ಲ. ಪೂರ್ತಿ ದುಡ್ಡು ನಾನೇ ಹಾಕಿದೆ. ಆ ಸೀಸನ್ನಿನ ಸಂಪಾದನೆಯಲ್ಲಿ ಹೆಚ್ಚುಕಡಿಮೆ ಅರ್ಧ ಅದಕ್ಕೇ ಹೋಯಿತು.

ಮೊದಲು ತಂದ ಸೆಟ್ ಅಗ್ಗದ್ದು, ಒಂದೇ ತಿಂಗಳಲ್ಲಿ ಸತ್ತಿತು. ಬೆವರು ಒಳಗೆ ಇಳಿದು ಕರಕರ ಶಬ್ದ. ಸ್ಪೀಕರ್ ಗೋಲಿನ ಹಿಂದೆ ಇದ್ದದ್ದರಿಂದ ಪೆನಾಲ್ಟಿ ಬಾಕ್ಸಿಗೆ ಬಂದ ಕೂಡಲೇ ಕುಂಯ್ ಎಂದು ಕಿವಿ ಸೀಳುವ ಕೂಗು. ಮೈಕ್ ಬೇಕಾಗುವುದೇ ಪೆನಾಲ್ಟಿ ಬಾಕ್ಸಿನಲ್ಲಿ, ಅಲ್ವಾ? ಸ್ಪೀಕರ್‌ಗಳನ್ನು ಸೆಂಟರ್ ಲೈನಿನ ಎರಡೂ ತುದಿಗೆ, ಗ್ಯಾಲರಿ ಕಡೆ ಮುಖ ಮಾಡಿ ಇಡಿಸಿದ ಮೇಲೆ ಅದು ನಿಂತಿತು. ಸೌಂಡ್‌ನವನಿಗೆ ಇದನ್ನು ಮ್ಯಾಚಿನ ಹಿಂದಿನ ದಿನವೇ ಹೇಳಿ. ಅವತ್ತೇ ಹೇಳಿದರೆ ವೈರ್ ಸಾಲುವುದಿಲ್ಲ ಎನ್ನುತ್ತಾನೆ.

ಆನ್-ಆಫ್ ಗುಂಡಿ ಎಲ್ಲಿರಬೇಕು ಎನ್ನುವುದೇ ಒಂದು ದೊಡ್ಡ ವಿಷಯ. ಮೊದಲು ಅದು ಬೆನ್ನ ಕಡೆ ಡಬ್ಬಿಯಲ್ಲಿತ್ತು. ಒಮ್ಮೆ ಓಟದಲ್ಲಿ ಅದೇ ಒತ್ತಿಕೊಂಡು ಮೈಕ್ ಆನ್ ಆಗಿಬಿಟ್ಟಿತು. ಬಿಳಿ ತಂಡದ ಡಿಫೆಂಡರ್ ನನ್ನ ಪಕ್ಕದಲ್ಲೇ ನಿಂತು ನೀಲಿಯವರ ಅಮ್ಮನನ್ನು ಎಳೆದು ತಂದದ್ದು ಇಡೀ ಮೈದಾನಕ್ಕೆ ಕೇಳಿಸಿತು. ಆ ದಿನ ಆಟ ಮುಗಿಸಿದ್ದು ನನ್ನ ಪುಣ್ಯ. ಈಗ ಗುಂಡಿ ಎಡಗೈಯಲ್ಲಿ, ವಿಷಲ್ ಬಲಗೈಯಲ್ಲಿ. ಒತ್ತಿ ಹಿಡಿದರೆ ಮಾತ್ರ ಮಾತು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆ ಗುಂಡಿಯನ್ನು ಹೇಗೆ ಜೋಡಿಸಿದೆ ಎನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನು ಮಾತು. ಇದಕ್ಕೆ ತಗುಲಿದಷ್ಟು ಸಮಯ ಯಂತ್ರಕ್ಕೂ ತಗುಲಲಿಲ್ಲ. ಉದ್ದ ಹೇಳಿದರೆ ನಡೆಯುವುದಿಲ್ಲ, ಎರಡನೇ ವಾಕ್ಯಕ್ಕೇ ಕೂಗು ಶುರು. ಈಗ ನನ್ನದು ಮೂರು ತುಂಡು: ಯಾರು, ಏನು, ತೀರ್ಮಾನ ಏನು. "ನೀಲಿ ಒಂಬತ್ತು. ಗೋಲಿಗೆ ಮುಂಚೆ ಕೈಗೆ ತಾಗಿದೆ. ಗೋಲ್ ಇಲ್ಲ." ಹೆಸರು ಹೇಳಲೇಬಾರದು. ಹೆಸರು ಹೇಳಿದರೆ ಆ ಹುಡುಗ ಮ್ಯಾಚ್ ಮುಗಿದ ಮೇಲೂ ಎದುರಿನವರ ಕಣ್ಣಿಗೆ ಗುರಿಯಾಗುತ್ತಾನೆ. "ನನ್ನ ಪ್ರಕಾರ" ಎನ್ನಬಾರದು. "ದಯವಿಟ್ಟು" ಕೂಡ ಬೇಡ. ಬೇಡಿಕೊಂಡರೆ ಜನ ಜಾಸ್ತಿ ಕೂಗುತ್ತಾರೆ.

ಹಳದಿ ಕಾರ್ಡಿಗೆಲ್ಲಾ ಮೈಕ್ ಬೇಡ. ಪೆನಾಲ್ಟಿ, ಕೆಂಪು ಕಾರ್ಡ್, ರದ್ದಾದ ಗೋಲ್, ಆಟ ನಿಲ್ಲಿಸುವುದು. ನಾಲ್ಕೇ. ಆಟ ಮತ್ತೆ ಶುರುವಾಗುವ ಮುಂಚೆಯೇ ಹೇಳಿ ಮುಗಿಸಬೇಕು. ಶುರುವಾದ ಮೇಲೆ ಹೇಳಿದರೆ ಸಬೂಬು ಕೊಟ್ಟಂತೆ ಕೇಳಿಸುತ್ತದೆ. ಪ್ರತಿ ಸಲಕ್ಕೆ ಹತ್ತು ಸೆಕೆಂಡು ಹೋಗುತ್ತದೆ, ಅದನ್ನು ಕೊನೆಗೆ ಕೂಡಿಸುವ ಸ್ಟಾಪೇಜ್ ಟೈಮಿಗೆ ಸೇರಿಸಿಕೊಳ್ಳಿ.

ಯಾವ ತೀರ್ಮಾನಗಳಿಗೆ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ ಗೊತ್ತಾ? ಜನರ ನಂಬಿಕೆ ಒಂದು, ನಿಯಮ ಇನ್ನೊಂದು ಇರುವ ಕಡೆ. ಬಾಕ್ಸಿನೊಳಗೆ ಕೊನೆಯ ಡಿಫೆಂಡರ್ ಬೀಳಿಸಿದರೆ ಕೆಂಪು ಕಾರ್ಡೇ ಎಂದು ಈಗಲೂ ಗ್ಯಾಲರಿ ತುಂಬಾ ನಂಬಿದ್ದಾರೆ. 2016ರಲ್ಲೇ ಅದು ಬದಲಾಗಿದೆ. ಚೆಂಡಿಗಾಗಿ ಕಾಲು ಹಾಕಿದ್ದರೆ ಪೆನಾಲ್ಟಿ ಜೊತೆಗೆ ಹಳದಿ ಅಷ್ಟೇ. ಎಳೆದರೆ, ತಳ್ಳಿದರೆ ಕೆಂಪು. ನಮಗೆಲ್ಲಾ ಇದು ಬಾಯಿಪಾಠ. ಆದರೆ ಹಳದಿ ಎತ್ತಿದ ಕೂಡಲೇ ಒಂದು ಗ್ಯಾಲರಿ ಪೂರ್ತಿ "ಕೆಂಪು, ಕೆಂಪು" ಎಂದು ಎದ್ದು ನಿಲ್ಲುತ್ತದಲ್ಲ, ಅವರಿಗೆ ಇದನ್ನು ಯಾರು ಹೇಳಬೇಕು? "ಬಿಳಿ ಐದು. ಚೆಂಡಿಗೆ ಪ್ರಯತ್ನ ಇತ್ತು. ಪೆನಾಲ್ಟಿ, ಹಳದಿ ಕಾರ್ಡ್." ಮೊದಲ ಸಲ ಹೇಳಿದಾಗ ಕೂಗು ನಿಲ್ಲಲಿಲ್ಲ. ಮುಂದಿನ ಸಲ ಗ್ಯಾಲರಿಯಲ್ಲೇ ಒಬ್ಬ ಇನ್ನೊಬ್ಬನಿಗೆ ವಿವರಿಸುತ್ತಿದ್ದ.

ಹ್ಯಾಂಡ್‌ಬಾಲ್ ಇನ್ನೂ ಕಷ್ಟ. ಗೋಲ್ ಹೊಡೆದವನ ಕೈಗೇ ತಾಗಿ, ಆ ಕೂಡಲೇ ಗೋಲಾದರೆ, ಬೇಕಂತ ಮಾಡದಿದ್ದರೂ ಗೋಲ್ ಇಲ್ಲ. ಜೊತೆಯವನ ಕೈಗೆ ಅಕಸ್ಮಾತ್ ತಾಗಿದ್ದರೆ 2021ರಿಂದ ಅದು ತಪ್ಪಲ್ಲ. ಡರ್ಬಿಯಲ್ಲಿ ಇದಕ್ಕಿಂತ ಬಿಸಿ ತೀರ್ಮಾನ ಇಲ್ಲ. ಹೋದ ಸೀಸನ್ನಿನಲ್ಲಿ ಅದೇ ಬಂತು. ಎಂಬತ್ತನೇ ನಿಮಿಷದ ಆಸುಪಾಸು, ಒಂದಕ್ಕೊಂದು ಸಮ. ಕಾರ್ನರ್ ಬಂತು, ನೀಲಿ ಒಂಬತ್ತರ ಮುಂಗೈಗೆ ತಾಗಿ ಚೆಂಡು ಕಾಲಿಗೆ ಬಿತ್ತು, ಹೊಡೆದ, ಗೋಲ್. ನಾನು ಆರೇಳು ಅಡಿ ದೂರದಲ್ಲಿದ್ದೆ. ಆ ಹುಡುಗ ಓಡುವ ಮೊದಲು ಒಮ್ಮೆ ನನ್ನ ಮುಖ ನೋಡಿದ. ಅವನಿಗೂ ಗೊತ್ತಿತ್ತು.

ವಿಷಲ್ ಊದಿದೆ. ಅಂಗೈ ಬಿಡಿಸಿ ಕೈ ನೇರ ಮೇಲೆತ್ತಿದೆ. ಎರಡೂ ಕಡೆ ಡ್ರಮ್ ನಿಂತಿತು. "ನೀಲಿ ಒಂಬತ್ತು. ಬೇಕಂತ ಅಲ್ಲ, ಆದರೂ ಕೈಗೆ ತಾಗಿದೆ. ಗೋಲ್ ಇಲ್ಲ." ಆ "ಬೇಕಂತ ಅಲ್ಲ" ಎನ್ನುವುದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಅವರು ಕೂಗುವುದೂ ಅದನ್ನೇ ತಾನೇ, ನಾನೇ ಹೇಳಿದ ಮೇಲೆ ಕೂಗಲು ಉಳಿಯುವುದೇನು? ಬೈಗುಳ ಬಂದವು, ಬರದೇ ಇರುತ್ತವಾ. ಆದರೆ ಬೇಲಿ ಹತ್ತಿದವರು ಯಾರೂ ಇಲ್ಲ. ಕ್ಯಾಪ್ಟನ್ ಒಬ್ಬನೇ ಬಂದ, ಒಂದು ಮಾತು ಕೇಳಿ ಹೋದ. ಕ್ಯಾಪ್ಟನ್ ಮಾತ್ರ ರೆಫರಿ ಹತ್ತಿರ ಬರಬೇಕು ಎಂದು 2024ರ ಯೂರೋ ಕಪ್ಪಿನಲ್ಲಿ ತಂದರಲ್ಲ, ಅದನ್ನು ನಾನು ಟಾಸ್ ಹೊತ್ತಿನಲ್ಲೇ ಒಪ್ಪಿಸಿಕೊಂಡಿರುತ್ತೇನೆ. ಮ್ಯಾಚ್ ಮುಗಿದ ಮೇಲೆ ನೀಲಿ ಕಡೆಯ ಹಿರಿಯರೊಬ್ಬರು ಬಂದು "ಗೋಲ್ ಹೋದ ಸಂಕಟ ಇದೆ ಸರ್. ಆದ್ರೆ ಯಾಕೆ ಅಂತ ಗೊತ್ತಾಯ್ತು" ಎಂದರು. ನನಗೆ ಬೇಕಾದದ್ದು ಅಷ್ಟೇ.

ಡ್ರಮ್ ಹೇಗೆ ನಿಲ್ಲುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎರಡೂ ಕಡೆ ಡ್ರಮ್ ಬಾರಿಸುವ ಗುಂಪಿನ ಮುಖ್ಯಸ್ಥರನ್ನು ಮ್ಯಾಚಿಗೆ ಮೊದಲು ಒಟ್ಟಿಗೆ ಭೇಟಿ ಮಾಡುತ್ತೇನೆ. ಒಟ್ಟಿಗೆ, ಬೇರೆಬೇರೆಯಾಗಿ ಅಲ್ಲ. ಅಲ್ಲಿ ಏನು ಹೇಳುತ್ತೇನೆ ಎನ್ನುವುದು ನನಗೂ ಅವರಿಗೂ ಇರಲಿ. ದುಡ್ಡಂತೂ ಕೊಡುವುದಿಲ್ಲ.

ಈ ಮಾತು ಎಲ್ಲಾ ಡರ್ಬಿಗೂ ಸಾಕು ಎನ್ನುವುದಿಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಮ್ಯಾಚಿನ ಗಲಾಟೆಯಲ್ಲಿ 16 ಜನ ಸತ್ತರು. ಮೈದಾನದ ಜಗಳ ಗ್ಯಾಲರಿಗೆ ಹತ್ತಿ, ಕಾಲ್ತುಳಿತವಾಗಿ. ಅಂಥ ಜನಸಂದಣಿಯನ್ನು ಮೈಕ್ ಹಿಡಿಯುವುದಿಲ್ಲ. ಗೇಟು, ಬೇಲಿ, ಎರಡು ಕಡೆಯವರಿಗೆ ಬೇರೆ ದಾರಿ, ಇವೆಲ್ಲಾ ಸರಿ ಇದ್ದ ಮೇಲೆ ಮೈಕ್.

ನನಗೆ ಆದ ಇನ್ನೊಂದು ಲಾಭ ಹೇಳಬೇಕು. ಬಾಯಿಬಿಟ್ಟು ಕಾರಣ ಹೇಳಬೇಕು ಎಂದು ಗೊತ್ತಿದ್ದರೆ ವಿಷಲ್ ಊದುವ ಮೊದಲೇ ಕಾರಣ ತಲೆಯಲ್ಲಿ ಸಿದ್ಧವಾಗಿರುತ್ತದೆ. ಇಂಗ್ಲೆಂಡಿನಲ್ಲಿ ರೆಫರಿಗಳಿಗೆ ಒಂದೇ ಟ್ಯಾಕಲ್‌ಗಳನ್ನು ಶಬ್ದ ಹಾಕಿ, ಶಬ್ದ ತೆಗೆದು ತೋರಿಸಿ 2002ರಲ್ಲಿ ಒಂದು ಅಧ್ಯಯನ ಬಂದಿತ್ತು. ಜನರ ಕೂಗು ಕೇಳಿಸಿಕೊಂಡವರು ಹೋಮ್ ಟೀಮಿನ ಮೇಲೆ ಕಡಿಮೆ ಫೌಲ್ ಕೊಟ್ಟಿದ್ದರು. ನನ್ನ ಫೌಲ್ ಲೆಕ್ಕ ನೋಡಿದರೆ ಮೈಕ್ ಬಂದ ಮೇಲೆ ಎರಡೂ ತಂಡಕ್ಕೆ ಹತ್ತಿರ ಹತ್ತಿರ ಬಂದಿದೆ. ಮೊದಲು ಅಷ್ಟು ಇರಲಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಗ್ಯಾಲರಿಯಿಂದ ಯಾರೋ ವಿಷಲ್ ಊದಿ ಆಟಗಾರರು ನಿಂತುಬಿಡುವುದು ನಮ್ಮಲ್ಲಿ ದೊಡ್ಡ ಕಾಟ. ಆಟಕ್ಕೆ ಅಡ್ಡಿಯಾದರೆ ನಿಲ್ಲಿಸಿ ಡ್ರಾಪ್ ಬಾಲ್, ಅಂದರೆ ರೆಫರಿಯೇ ಚೆಂಡು ಕೆಳಗೆ ಬಿಟ್ಟು ಮತ್ತೆ ಶುರು ಮಾಡುವುದು, ಅದು ಸರಿ. ಆದರೆ ಎಷ್ಟು ಸಲ ನಿಲ್ಲಿಸುತ್ತೀರಿ? ನಾನು ಮೂರ್ನಾಲ್ಕು ಬಗೆಯ ವಿಷಲ್ ತಂದು, ಮ್ಯಾಚಿಗೆ ಮುಂಚೆ ಎರಡೂ ತಂಡಕ್ಕೆ ಊದಿ ಕೇಳಿಸಿ, ಇವತ್ತು ಇದೇ ದನಿ ಎನ್ನುತ್ತೇನೆ. ಒಳಗೆ ಕಾಳಿಲ್ಲದ ಫಾಕ್ಸ್ 40 ವಿಷಲ್ ಎಲ್ಲರ ಹತ್ತಿರ ಇದೆ, ಗ್ಯಾಲರಿಯವರ ಹತ್ತಿರವೂ ಇದೆ. ಹಾಗಾಗಿ ಡರ್ಬಿಗೆ ಅದನ್ನು ಬಿಟ್ಟೆ. ಯಾವುದು ಹಿಡಿದೆ ಎಂದು ಬರೆದರೆ ಮುಂದಿನ ಮ್ಯಾಚಿಗೆ ಅದೂ ಗ್ಯಾಲರಿಗೆ ಬರುತ್ತದೆ.

ಫ್ರೀ ಕಿಕ್ಕಿಗೆ ಗೋಡೆಯಂತೆ ಅಡ್ಡ ನಿಲ್ಲುವ ಆಟಗಾರರ ಮುಂದೆ ಗೆರೆ ಎಳೆಯಲು ಸ್ಪ್ರೇ ಬದಲು ಶೇವಿಂಗ್ ಫೋಮ್ ಹಾಕಿ ನೋಡಿದೆ. 2014ರ ವಿಶ್ವಕಪ್ಪಿನಲ್ಲಿ ಬಳಸಿದ್ದು ಸ್ವಲ್ಪ ಹೊತ್ತಿಗೆ ತಾನೇ ಮಾಯವಾಗುತ್ತಿತ್ತು. ಫೋಮ್ ಹೋಗುವುದೇ ಇಲ್ಲ. ಹಾಫ್ ಟೈಮಿನವರೆಗೂ ಬಿಳಿ ಗೆರೆ ಹಾಗೇ, ಒಬ್ಬ ಜಾರಿಯೂ ಬಿದ್ದ. ಅದನ್ನು ಅಲ್ಲಿಗೇ ಬಿಟ್ಟೆ.

ದುಡ್ಡಿನ ಕಥೆ ಹೀಗೆ ಮುಂದುವರಿಯಿತು. ಎರಡನೇ ಸೀಸನ್ನಿಗೆ ಕಮಿಟಿ ಎದುರು ಲೆಕ್ಕ ಇಟ್ಟೆ. ಒಂದು ಮ್ಯಾಚ್ ಅರ್ಧಕ್ಕೆ ನಿಂತರೆ ಗೇಟ್ ಕಲೆಕ್ಷನ್ ವಾಪಸ್, ಮುರಿದ ಕುರ್ಚಿ, ಬೇಲಿ ರಿಪೇರಿ, ಮರುಪಂದ್ಯಕ್ಕೆ ಮತ್ತೆ ಮೈದಾನದ ಬಾಡಿಗೆ. ಅಷ್ಟರಲ್ಲಿ ನನ್ನಂಥ ಮೂರು ಮೈಕ್ ಸೆಟ್ ಬರುತ್ತದೆ. ಈಗ ಬ್ಯಾಟರಿ ಮತ್ತು ಸ್ಪೀಕರ್ ಖರ್ಚು ಅವರದ್ದು. ರೆಫರಿ ಮೈಕ್ ಬಳಸಬಹುದು ಎಂದು ಟೂರ್ನಿ ನಿಯಮದಲ್ಲೇ ಬರೆಸಿದ್ದೇನೆ. ಅದನ್ನು ಬರೆಸದೆ ಶುರು ಮಾಡಬೇಡಿ, ಸೋತವರು ಮೊದಲು ಅದರ ಮೇಲೇ ಪ್ರೊಟೆಸ್ಟ್ ಹಾಕುತ್ತಾರೆ. ನಾನು ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ, ಮುಕ್ಕಾಲು ಬಂದಿದೆ.

ತುಪ್ಪದ ಮಾತು ಹೇಳಿದ ಹಿರಿಯರು ಹೋದ ತಿಂಗಳು ಸೆಟ್ ಕೇಳಿಕೊಂಡು ಬಂದರು. ಕೊಟ್ಟೆ. ಬೇರೆಯವರಿಗೂ ಕೊಡುತ್ತೇನೆ, ಸೆಲ್ ಮಾತ್ರ ನೀವೇ ಎರಡು ಜೊತೆ ಹೊಸದು ತನ್ನಿ. ಮುಂದಿನ ಸೀಸನ್ನಿಗೆ ಪೆನಾಲ್ಟಿ ಮರು ಹೊಡೆತಕ್ಕೂ ಕಾರಣ ಹೇಳಿ ನೋಡಬೇಕು ಎಂದಿದ್ದೇನೆ. ಗೋಲ್‌ಕೀಪರ್ ಗೆರೆ ಬಿಟ್ಟು ಮುಂದೆ ಬಂದದ್ದೋ, ಇನ್ಯಾರೋ ಮುಂಚೆ ಬಾಕ್ಸಿಗೆ ನುಗ್ಗಿದ್ದೋ ಎಂದು ಮೂರು ತುಂಡಿನಲ್ಲಿ ಹೇಳಲು ಇನ್ನೂ ಸರಿಯಾದ ಮಾತು ಸಿಕ್ಕಿಲ್ಲ.