ಎಂಜಿನ್ ಬಿಡಿಭಾಗ ಬಿಟ್ಟು ಮುಂದೇನು? ಮಷಿನ್ ಶಾಪ್ ಹೊರಳಿಸುವ ಬಗೆ

ವಿದ್ಯುತ್ ವಾಹನಕ್ಕೆ ಪಿಸ್ಟನ್ ಬೇಡ, ವಾಲ್ವ್ ಬೇಡ, ಕ್ರ್ಯಾಂಕ್‌ಶಾಫ್ಟ್, ಸೈಲೆನ್ಸರ್‌ಗಳೂ ಬೇಡ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಇವುಗಳ ಜಾಬ್ ವರ್ಕನ್ನೇ ನಂಬಿದವರು ಆರ್ಡರ್ ಪೂರ್ತಿ ನಿಲ್ಲುವ ಮೊದಲೇ ಹೊರಳಬೇಕು. ಕೈಯಲ್ಲಿ ಕೆಲಸವಿದ್ದಾಗಲೇ ಬ್ಯಾಂಕಿನವರು ಕೂರಿಸಿ ಮಾತಾಡುವುದು.

ಮೊದಲು ಐಟಂಗಳ ಪಟ್ಟಿ ಹಾಕಿ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಭಾಗಗಳು ಯಾವ ಗಾಡಿಗಾದರೂ ಬೇಕು. ಅವನ್ನು ಬೇರೆ ಬರೆದುಕೊಳ್ಳಿ. ಒಂದೊಂದರ ಮುಂದೆಯೂ ಮಷಿನ್ ಗಂಟೆಗೆ ಎಷ್ಟು ಉಳಿಯುತ್ತದೆಂದು ಗುರುತಿಸಿ. ಬಿಲ್ ಮೊತ್ತ ನೋಡಿದರೆ ಮೋಸ ಹೋಗುತ್ತೀರಿ. ದೊಡ್ಡ ಗಿರಾಕಿಯ ಆರ್ಡರ್ ಎಷ್ಟೋ ಸಲ ವಿಎಂಸಿಯನ್ನು (ಕಂಪ್ಯೂಟರ್ ನಿಯಂತ್ರಣದ ಮಿಲ್ಲಿಂಗ್ ಮಷಿನ್) ತಿಂಗಳಿಡೀ ಹಿಡಿದಿಟ್ಟು, ಕರೆಂಟ್ ಬಿಲ್ಲಿಗೂ ಕೂಲಿಗೂ ಸರಿಹೋಗುತ್ತದೆ, ಅಷ್ಟೆ.

ಆಮೇಲೆ ನಿಮಗೆ ಮಾಡಲು ಬರುವ ಕೆಲಸವನ್ನು ಲೋಹ, ಸೈಜ್, ಮೈಕ್ರಾನ್ (ಎಷ್ಟು ಸೂಕ್ಷ್ಮ ಅಳತೆಗೆ ಕೂರಿಸಬಲ್ಲಿರಿ) ಲೆಕ್ಕದಲ್ಲಿ ಬರೆಯಿರಿ. ಹೊಸ ಗಿರಾಕಿ ಕೇಳುವುದು ಅದನ್ನೇ. ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್ ಗೊತ್ತಿದ್ದವರಿಗೆ ಮೋಟರ್ ಶಾಫ್ಟ್ ದೂರವಲ್ಲ. ಅಲ್ಯೂಮಿನಿಯಂ ಎಂಜಿನ್ ಕವರ್ ಮಾಡುವವರು ಮೋಟರ್ ಹೌಸಿಂಗ್ ಪ್ರಯತ್ನಿಸಬಹುದು. ವಿಮಾನದ ಬಿಡಿಭಾಗ ಎಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಅಲ್ಲಿ ವಿಮಾನ ಉದ್ಯಮದ ಗುಣಮಟ್ಟದ ಎಎಸ್ 9100 ಪ್ರಮಾಣಪತ್ರ ಕೇಳುತ್ತಾರೆ, ಪ್ರತಿ ಪೀಸಿನ ಕಚ್ಚಾ ಮಾಲು ಎಲ್ಲಿಂದ ಬಂತೆಂಬ ದಾಖಲೆ ಬೇಕು, ಸಂಖ್ಯೆಯೂ ಕಡಿಮೆ. ಸಾವಿರಗಟ್ಟಲೆ ಪೀಸ್ ತೆಗೆದು ರೂಢಿಯಾದ ಶಾಪ್‌ಗೆ ಆ ತಾಳ್ಮೆ ಸುಲಭವಾಗಿ ಬರುವುದಿಲ್ಲ. ಮೊದಲ ಹೆಜ್ಜೆ ಮೋಟರ್, ಪಂಪ್‌ಗಳ ಕಡೆಗಿರಲಿ ಎಂಬುದು ನನ್ನ ಸಲಹೆ.

ಹೊಸ ಮಷಿನ್ ಈಗಲೇ ಬೇಡ. ಇರುವುದರಲ್ಲೇ ಹೊಸ ಫಿಕ್ಸ್ಚರ್ (ಪೀಸನ್ನು ಅಲುಗದಂತೆ ಹಿಡಿಯುವ ಸಾಧನ) ಕಟ್ಟಿ ಸ್ಯಾಂಪಲ್ ತೆಗೆಯಿರಿ. ಅಳತೆ ಸಂಶಯವಿದ್ದರೆ ತುಮಕೂರು ರಸ್ತೆಯ ಸಿಎಂಟಿಐ (ಕೇಂದ್ರ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಇದೆ. ಹುಡುಗರ ತರಬೇತಿಗೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ). ಸ್ಯಾಂಪಲ್ ಪಾಸಾಗಿ, ಲಿಖಿತ ಆರ್ಡರ್ ಬಂದ ಮೇಲೆ ಸಾಲದ ಮಾತು. ಖರ್ಚು ಕಡಿತವೆಂದು ಮಷಿನ್ ಹೊಂದಿಸಿಕೊಡುವ ಹಳೆಯ ಸೆಟ್ಟರನ್ನು ಮಾತ್ರ ಕಳಿಸಬೇಡಿ. ಹೊಸ ಕೆಲಸ ಕೂರಿಸುವವರು ಅವರೇ.

ಉದ್ಯಮ್ ನೋಂದಣಿ (ಕಿರು, ಸಣ್ಣ, ಮಧ್ಯಮ ಘಟಕಗಳಿಗೆ ಕೇಂದ್ರ ಸರ್ಕಾರದ್ದು) ಇಲ್ಲದಿದ್ದರೆ ಈಗಲೇ ಮಾಡಿಸಿ. ಕಿರು, ಸಣ್ಣ ಘಟಕಗಳ ಬಿಲ್ಲನ್ನು ಗಿರಾಕಿ ಹೆಚ್ಚೆಂದರೆ 45 ದಿನದೊಳಗೆ ಚುಕ್ತಾ ಮಾಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಹೊಸ ಗಿರಾಕಿಯ ಹತ್ತಿರ ಈ ಮಾತನ್ನು ದರದ ಜೊತೆಗೇ ಆಡಿ. ಮಾಲು ಕಳಿಸಿದ ಮೇಲೆ ಆಡಿದರೆ ಮನಸ್ತಾಪ.

ಹಳೆಯ ಫಿಕ್ಸ್ಚರ್‌ಗಳನ್ನು ಗುಜರಿಗೆ ಹಾಕಬೇಡಿ. ರಸ್ತೆಯಲ್ಲಿರುವ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ ಇನ್ನೂ ವರ್ಷಗಟ್ಟಲೆ ಸ್ಪೇರ್ ಬೇಕು. ಅದಕ್ಕೆಂದು ಒಂದು ಲೇತ್ ಬಿಡಿ, ಸಂಖ್ಯೆ ಇಳಿದಂತೆ ದರ ಏರಿಸಿ.