ನೈನರ್ಸ್ ತಂಡದ ಅತ್ಯುತ್ತಮ ಟ್ರೇಡ್‌ಗಳು: ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಸಾಂಟಾ ಕ್ಲಾರಾ, ಸನಿವೇಲ್, ಮಿಲ್ಪಿಟಾಸ್, ಫ್ರೀಮಾಂಟ್ ಕಡೆಗೆ ಕೆಲಸದ ನಿಮಿತ್ತ ಬಂದು ಮನೆ ಹಿಡಿಯುವ ನಮ್ಮವರು ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸ್, ದಿನಸಿ ಅಂಗಡಿಗಳ ವಿಚಾರವನ್ನು ಮೊದಲ ಒಂದೆರಡು ತಿಂಗಳಲ್ಲೇ ತಿಳಿದುಕೊಂಡುಬಿಡುತ್ತಾರೆ. ಆದರೆ ಸೆಪ್ಟೆಂಬರ್ ಬಂದು ಅಮೆರಿಕನ್ ಫುಟ್‌ಬಾಲ್ ಋತು ಶುರುವಾದೊಡನೆ, ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಕಾಫಿ ಹಿಡಿದು ನಿಂತವರ ನಡುವೆ ನಡೆಯುವ ಮಾತು ಅವರಿಗೆ ಅರ್ಥವಾಗುವುದಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ನಾನೂ ಹಾಗೆಯೇ ಸುಮ್ಮನೆ ನಿಂತಿದ್ದೆ. ಆಟದ ನಿಯಮಗಳನ್ನು ಟಿವಿಯ ಮುಂದೆ ನಾಲ್ಕು ಭಾನುವಾರ ಕುಳಿತರೆ ಕಲಿಯಬಹುದು. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಬಗ್ಗೆ, ಅಂದರೆ ಇಲ್ಲಿಯವರು ಬಾಯ್ತುಂಬ ಕರೆಯುವ ‘ನೈನರ್ಸ್’ ಬಗ್ಗೆ, ಊರಿನವರೊಡನೆ ಮಾತಾಡಬೇಕಾದರೆ ಆ ತಂಡ ಯಾವ ಆಟಗಾರನನ್ನು ಯಾರಿಂದ, ಏನು ಕೊಟ್ಟು ತಂದಿತು ಎಂಬುದು ಗೊತ್ತಿರಬೇಕು. ತಂಡದ ಚರಿತ್ರೆಯನ್ನು ಟ್ರೇಡ್‌ಗಳ ಮೂಲಕ ಹಿಡಿದರೆ ಬೇಗ ಕೈಗೆ ಹತ್ತುತ್ತದೆ ಎಂಬುದು ನನ್ನ ಅನುಭವ.

ಐಪಿಎಲ್ ಹರಾಜನ್ನು ನೋಡಿ ಬೆಳೆದವರು ಮೊದಲು ಎಡವುವುದು ಇಲ್ಲೇ. ನೈನರ್ಸ್ ಆಡುವ ಎನ್‌ಎಫ್‌ಎಲ್ ಎಂಬ ಲೀಗಿನಲ್ಲಿ ಹರಾಜು ಇಲ್ಲ. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಡ್ರಾಫ್ಟ್ ನಡೆಯುತ್ತದೆ. 32 ತಂಡಗಳು ಏಳು ಸುತ್ತುಗಳಲ್ಲಿ, ಸರದಿಯ ಪ್ರಕಾರ, ಕಾಲೇಜು ಮುಗಿಸಿ ಬರುವ ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ. ಈ ಸರದಿಯನ್ನೇ ‘ಪಿಕ್’ ಎನ್ನುತ್ತಾರೆ, ಮತ್ತು ಅದನ್ನು ಇನ್ನೊಂದು ತಂಡಕ್ಕೆ ಬಿಟ್ಟುಕೊಡಬಹುದು. 2023ರ ನವೆಂಬರ್‌ನಲ್ಲಿ ನಮ್ಮ ಆರ್‌ಸಿಬಿ ಮುಂಬೈ ಇಂಡಿಯನ್ಸ್‌ಗೆ 17.5 ಕೋಟಿ ರೂಪಾಯಿ ಕೊಟ್ಟು ಕ್ಯಾಮರಾನ್ ಗ್ರೀನ್ ಅವರನ್ನು ಕರೆತಂದಂತೆ, ಬರೀ ಹಣದಲ್ಲಿ ಮುಗಿಯುವ ವ್ಯವಹಾರ ಇಲ್ಲಿ ರೂಢಿಯಲ್ಲಿಲ್ಲ. ಇಲ್ಲಿ ಚಲಾವಣೆಯಲ್ಲಿರುವ ನಾಣ್ಯವೆಂದರೆ ಪಿಕ್. ಈ ವರ್ಷದ್ದು ಮಾತ್ರವಲ್ಲ, ಮುಂದಿನ ವರ್ಷದ್ದನ್ನೂ ಅದರಾಚೆಯದನ್ನೂ ಕೊಡಬಹುದು. ಆದ್ದರಿಂದ ಪ್ರತಿಯೊಂದು ಟ್ರೇಡ್‌ನಲ್ಲೂ ನಾಳಿನ ಬೆಳೆಯನ್ನು ಇಂದೇ ಅಡವಿಡುವ ಪ್ರಶ್ನೆ ಇರುತ್ತದೆ. ಕರಾರು ಮುಗಿದ ಆಟಗಾರ ತನಗೆ ಬೇಕಾದ ತಂಡ ಸೇರಬಹುದಾದ, ಈಗಿನ ಮಾದರಿಯ ಫ್ರೀ ಏಜೆನ್ಸಿ ಬಂದದ್ದು 1993ರಲ್ಲಿ, ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಬಿದ್ದದ್ದು 1994ರಲ್ಲಿ. ಅದಕ್ಕೂ ಮೊದಲು, ಪಳಗಿದ ಒಳ್ಳೆಯ ಆಟಗಾರನನ್ನು ಬೇರೆ ತಂಡದಿಂದ ತರಲು ಟ್ರೇಡ್ ಬಿಟ್ಟರೆ ಹೆಚ್ಚಿನ ದಾರಿಯಿರಲಿಲ್ಲ.

ಒಳ್ಳೆಯದನ್ನು ಅರಿಯಲು ಮೊದಲು ಕೆಟ್ಟದ್ದನ್ನು ನೋಡಬೇಕು. 1976ರಲ್ಲಿ ನೈನರ್ಸ್, ಸ್ಯಾನ್ ಹೋಸೆಯಲ್ಲೇ ಬೆಳೆದು ಸ್ಟ್ಯಾನ್‌ಫರ್ಡ್‌ನಲ್ಲಿ ಆಡಿದ್ದ ಜಿಮ್ ಪ್ಲಂಕೆಟ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ, ಅಂದರೆ ಚೆಂಡೆಸೆದು ಆಟ ನಡೆಸುವ ಆಟಗಾರನಿಗಾಗಿ, ಮೂರು ಮೊದಲ ಸುತ್ತಿನ ಪಿಕ್‌ಗಳನ್ನೂ ಅದರ ಮೇಲೆ ಇನ್ನಷ್ಟನ್ನೂ ಕೊಟ್ಟಿತು. ಎರಡೇ ವರ್ಷಗಳಲ್ಲಿ ಅವರನ್ನು ಬಿಟ್ಟುಬಿಟ್ಟಿತು. 1978ರಲ್ಲಿ, ಮೊಣಕಾಲು ಸವೆದು ವಯಸ್ಸೂ ಮೀರುತ್ತಿದ್ದ ಓ. ಜೆ. ಸಿಂಪ್ಸನ್ ಅವರಿಗಾಗಿ ಬಫಲೊ ತಂಡಕ್ಕೆ ಐದು ಪಿಕ್‌ಗಳನ್ನು ಕೊಟ್ಟಿತು. ಆ ವರ್ಷ ತಂಡ 16ರಲ್ಲಿ ಎರಡೇ ಪಂದ್ಯ ಗೆದ್ದಿತು. ಅಷ್ಟು ಕೆಳಗೆ ಬಿದ್ದವರಿಗೆ ಸಲ್ಲಬೇಕಾಗಿದ್ದ, 1979ರ ಇಡೀ ಡ್ರಾಫ್ಟಿನ ಮೊಟ್ಟಮೊದಲ ಪಿಕ್ ಬಫಲೊ ಪಾಲಾಗಿತ್ತು. ಹೀಗೆ ಬೀಜದ ಭತ್ತವನ್ನೂ ಕಳೆದುಕೊಂಡ ಮನೆಗೆ 1979ರಲ್ಲಿ ಕೋಚ್ ಆಗಿ ಬಂದವರು ಬಿಲ್ ವಾಲ್ಷ್. ಮುಂದೆ ನಾನು ಹೇಳುವ ಮೂರು ದೊಡ್ಡ ಟ್ರೇಡ್‌ಗಳು ಅವರ ಕಾಲದವು.

ಮೊದಲನೆಯದು ಫ್ರೆಡ್ ಡೀನ್. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ಪಕ್ಕದ ಮನೆಯ ಹಿರಿಯರಿಂದ ಕಲಿತೆ. ಬಂದ ಎರಡನೆಯ ವರ್ಷ ಅವರು ತಮ್ಮ ಗ್ಯಾರೇಜಿನ ಗೋಡೆಯ ಮೇಲಿದ್ದ ಒಂದು ಚಿಕ್ಕ ಚೌಕಟ್ಟನ್ನು ಇಳಿಸಿ ನನ್ನ ಕೈಗಿತ್ತರು. ಗಾಜಿನ ಹಿಂದೆ ಅಂಗೈಯಗಲವೂ ಇಲ್ಲದ, ಒಂದಂಚು ಹರಿದ ಟಿಕೆಟ್ಟಿನ ತುಂಡು. ಮೂಲೆಯಲ್ಲಿ ಕಾಫಿ ಚೆಲ್ಲಿದ ಕಂದು ಕಲೆ. ದಿನಾಂಕ 1981ರ ಅಕ್ಟೋಬರ್ 11. ಅಂದು ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಎದುರಾಳಿ ಡಲ್ಲಸ್ ಕೌಬಾಯ್ಸ್. ಅದೇ ಡಲ್ಲಸ್ ಹಿಂದಿನ ವರ್ಷ ನೈನರ್ಸ್ ತಂಡವನ್ನು 59–14ರಲ್ಲಿ ಬಡಿದು ಕಳಿಸಿತ್ತು. ಡೀನ್ ಸ್ಯಾನ್ ಡಿಯೇಗೊ ಚಾರ್ಜರ್ಸ್ ತಂಡದಲ್ಲಿ ಸಂಬಳದ ತಕರಾರಿನಿಂದ ಆಟ ನಿಲ್ಲಿಸಿ ಕುಳಿತಿದ್ದವರು. ಡೀನ್ ಅವರಿಗಾಗಿ ವಾಲ್ಷ್ ಕೊಟ್ಟದ್ದು 1983ರ ಎರಡನೆಯ ಸುತ್ತಿನ ಒಂದು ಪಿಕ್, ಜೊತೆಗೆ ಆ ವರ್ಷದ ಮೊದಲ ಸುತ್ತಿನ ಸರದಿಯನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು, ಅಷ್ಟೆ. ಡೀನ್ ಊರಿಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ, ಸರಿಯಾದ ಅಭ್ಯಾಸವೂ ಆಗಿರಲಿಲ್ಲ. ಆದರೂ ಅಂದು ಅವರು ಡಲ್ಲಸ್‌ನ ಕ್ವಾರ್ಟರ್‌ಬ್ಯಾಕ್‌ಗೆ ನಿಲ್ಲಲು ಬಿಡಲಿಲ್ಲ. ನೈನರ್ಸ್ 45–14ರಲ್ಲಿ ಗೆದ್ದಿತು. ‘ಅವತ್ತು ಮನೆಗೆ ಹೋಗುವಾಗ ನಮ್ಮ ತಂಡ ಬೇರೆಯಾಗಿದೆ ಎಂದು ನನ್ನ ತಂದೆ ಹೇಳಿದರು’ ಎಂದು ಆ ಹಿರಿಯರು ಹೇಳುವಾಗ ಅವರ ದನಿ ಒದ್ದೆಯಾಗಿತ್ತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ವರ್ಷ ತಂಡದ ಹಿಂಬದಿಯ ರಕ್ಷಣೆಯಲ್ಲಿ ರಾನಿ ಲಾಟ್, ಎರಿಕ್ ರೈಟ್, ಕಾರ್ಲ್‌ಟನ್ ವಿಲಿಯಮ್‌ಸನ್ ಎಂಬ ಮೂವರು ಆಗತಾನೆ ಕಾಲೇಜಿನಿಂದ ಬಂದ ಹುಡುಗರಿದ್ದರು. ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡೆಸೆಯಲು ಐದು ಸೆಕೆಂಡ್ ಸಿಕ್ಕಿದ್ದರೆ ಆ ಹುಡುಗರು ತಬ್ಬಿಬ್ಬಾಗುತ್ತಿದ್ದರು. ಡೀನ್ ನುಗ್ಗಿ ಬರುತ್ತಿದ್ದುದರಿಂದ ಅಷ್ಟು ಸಮಯ ಯಾರಿಗೂ ಸಿಗಲಿಲ್ಲ. ಒಬ್ಬನನ್ನು ತಂದು ಆ ಮೂವರ ಆಟವನ್ನೂ ಎತ್ತಿದ ಟ್ರೇಡ್ ಇದು. ಹಿಂದಿನ ವರ್ಷ ಆರು ಪಂದ್ಯ ಗೆದ್ದಿದ್ದ ತಂಡ 1981ರಲ್ಲಿ ಹದಿಮೂರು ಗೆದ್ದು, 1982ರ ಜನವರಿಯಲ್ಲಿ ಸಿನ್ಸಿನಾಟಿಯನ್ನು 26–21ರಲ್ಲಿ ಸೋಲಿಸಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಮೊದಲ ಸಲ ಗೆದ್ದಿತು. ಡೀನ್ 2008ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಎರಡನೆಯದು ಜೆರಿ ರೈಸ್. 1985ರ ಡ್ರಾಫ್ಟಿನ ದಿನ ನೈನರ್ಸ್ ಸರದಿ 28ನೆಯದು. ವಾಲ್ಷ್ ನ್ಯೂ ಇಂಗ್ಲೆಂಡ್ ತಂಡಕ್ಕೆ ತಮ್ಮ ಮೊದಲ, ಎರಡನೆಯ, ಮೂರನೆಯ ಸುತ್ತಿನ ಪಿಕ್‌ಗಳನ್ನು ಕೊಟ್ಟು, ಅವರ 16ನೆಯ ಸರದಿಯನ್ನೂ ಮೂರನೆಯ ಸುತ್ತಿನದೊಂದನ್ನೂ ಪಡೆದು, ಮಿಸಿಸಿಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನ ಈ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವ ಆಟಗಾರ) ಅವರನ್ನು ಆರಿಸಿಕೊಂಡರು. ರೈಸ್ ನಿವೃತ್ತರಾದಾಗ ಅವರ ಲೆಕ್ಕದಲ್ಲಿ 1,549 ಕ್ಯಾಚ್, ಅವುಗಳಿಂದ ತಂಡ ಮುಂದೆ ಸಾಗಿದ 22,895 ಯಾರ್ಡ್, ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದ 208 ಟಚ್‌ಡೌನ್ ಇದ್ದವು. ಇದರ ಮೇಲೆ ವಾದವೇ ಇಲ್ಲ. ಮರುವರ್ಷ ವಾಲ್ಷ್ ಇದಕ್ಕೆ ತದ್ವಿರುದ್ಧವಾಗಿ, ಮೇಲಿನ ಸರದಿಯನ್ನು ಮತ್ತೆ ಮತ್ತೆ ಬಿಟ್ಟುಕೊಟ್ಟು ಕೆಳಗಿನವನ್ನು ಕೂಡಿಸಿಕೊಂಡು ಜಾನ್ ಟೇಲರ್, ಟಾಮ್ ರಾತ್‌ಮನ್, ಚಾರ್ಲ್ಸ್ ಹೇಲಿ, ಸ್ಟೀವ್ ವಾಲೆಸ್ ಮುಂತಾದವರನ್ನು ಒಂದೇ ಡ್ರಾಫ್ಟಿನಲ್ಲಿ ತಂದರು. ಆ ಟೇಲರ್ ಅವರೇ 1989ರ ಜನವರಿಯ ಸೂಪರ್ ಬೌಲ್‌ನಲ್ಲಿ 34 ಸೆಕೆಂಡ್ ಉಳಿದಿದ್ದಾಗ ಗೆಲುವಿನ ಟಚ್‌ಡೌನ್ ಹಿಡಿದವರು.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ಸ್ಟೀವ್ ಯಂಗ್ ಅವರನ್ನು ತಂದ ಟ್ರೇಡನ್ನು. 1986ರಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅವರಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಅವರು ಅದೇ ವರ್ಷ ಮರಳಿ ಬಂದರೂ ಇನ್ನೆಷ್ಟು ದಿನ ಆಡಬಲ್ಲರು ಎಂಬ ಚಿಂತೆ ವಾಲ್ಷ್ ಅವರನ್ನು ಬಿಡಲಿಲ್ಲ. ಅತ್ತ ಟ್ಯಾಂಪಾ ಬೇ ತಂಡದಲ್ಲಿ ಯಂಗ್ ಆಡಿದ 19 ಪಂದ್ಯಗಳಲ್ಲಿ ಗೆದ್ದದ್ದು ಮೂರು ಮಾತ್ರ. ಆ ತಂಡ 1987ರ ಮೊದಲ ಪಿಕ್‌ನಲ್ಲಿ ವಿನಿ ಟೆಸ್ಟವರ್ಡೆ ಅವರನ್ನು ತರಲು ಹೊರಟಿತ್ತು. ಹಾಗಾಗಿ ಆ ತಂಡಕ್ಕೆ ಯಂಗ್ ಬೇಡವಾಗಿದ್ದರು. ಎಲ್ಲರೂ ಮೂರು ಗೆಲುವು, ಹದಿನಾರು ಸೋಲು ಎಂಬ ಅಂಕಿಗಳನ್ನು ನೋಡುತ್ತಿದ್ದಾಗ ವಾಲ್ಷ್ ಆ ಎಡಗೈಯ ಎಸೆತವನ್ನೂ ಕಾಲಿನ ಓಟವನ್ನೂ ನೋಡಿ, ಎರಡನೆಯ ಮತ್ತು ನಾಲ್ಕನೆಯ ಸುತ್ತಿನ ಪಿಕ್‌ಗಳಿಗೆ ಅವರನ್ನು ಕರೆತಂದರು.

ನಂತರ ನಡೆದದ್ದನ್ನು ಹೊಸಬರು ತಾಳ್ಮೆಯಿಂದ ಕೇಳಬೇಕು, ಏಕೆಂದರೆ ಇಲ್ಲಿಯ ಹಳಬರ ಮನಸ್ಸಿನಲ್ಲಿ ಇದು ಇನ್ನೂ ಹಸಿಯಾಗಿದೆ. ಮೊಂಟಾನಾ ಚೇತರಿಸಿಕೊಂಡು ಮತ್ತೆರಡು ಸೂಪರ್ ಬೌಲ್ ಗೆದ್ದರು. ಯಂಗ್ ನಾಲ್ಕು ಋತು ಬೆಂಚಿನಲ್ಲಿ ಕುಳಿತರು. ಸಿಕ್ಕ ಅಲ್ಪಸ್ವಲ್ಪ ಅವಕಾಶಗಳಲ್ಲಿ ಒಂದು 1988ರ ಅಕ್ಟೋಬರ್ 30ರದು. ಮಿನಿಸೋಟ ವಿರುದ್ಧ ಅವರು ಚೆಂಡು ಹಿಡಿದು, ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು, ಕೊನೆಗೆ ಕಾಲು ಸೋತು ಮುಗ್ಗರಿಸುತ್ತ 49 ಯಾರ್ಡ್ ಓಡಿ ಗೆಲುವಿನ ಟಚ್‌ಡೌನ್ ಮಾಡಿದರು. ಅದರ ವಿಡಿಯೊವನ್ನು ತಪ್ಪದೆ ನೋಡಿ. ಮೊಂಟಾನಾ ಅವರಿಗೆ ಮೊಣಕೈ ಗಾಯವಾದ ಮೇಲೆ 1991ರಿಂದ ಯಂಗ್ ಕೈಗೆ ತಂಡ ಬಂತು. 1993ರಲ್ಲಿ ಮೊಂಟಾನಾ ಅವರನ್ನೇ ಕ್ಯಾನ್ಸಸ್ ಸಿಟಿಗೆ ಟ್ರೇಡ್ ಮಾಡಿದಾಗ ಒಂದೇ ಮನೆಯೊಳಗೆ ಅಪ್ಪ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಆದರು ಎಂದು ನಮ್ಮ ನೆರೆಯವರು ಹೇಳುತ್ತಾರೆ. 1994ರ ಸೆಪ್ಟೆಂಬರ್‌ನಲ್ಲಿ ಎದುರುಬದುರಾದಾಗ ಮೊಂಟಾನಾ ಗೆದ್ದರು, 24–17. ಆದರೆ ಅದೇ ಋತುವಿನ ಕೊನೆಯ ಸೂಪರ್ ಬೌಲ್‌ನಲ್ಲಿ ಯಂಗ್ ಆರು ಟಚ್‌ಡೌನ್ ಎಸೆದು, ಸ್ಯಾನ್ ಡಿಯೇಗೊವನ್ನು 49–26ರಲ್ಲಿ ಸೋಲಿಸಿದರು. ಟ್ರೇಡ್ ಆದದ್ದು 1987ರಲ್ಲಿ, ಅದರ ಪೂರ್ತಿ ಫಲ ಕೈಗೆ ಬಂದದ್ದು 1995ರ ಜನವರಿಯಲ್ಲಿ. ಇಂದಿನ ಟ್ರೇಡ್‌ಗೆ ನಾಳೆ ಬೆಳಿಗ್ಗೆಯೇ ಅಂಕ ಕೊಡುವವರ ಮಾತನ್ನು ನಾನು ಹೆಚ್ಚು ನಂಬದಿರುವುದು ಇದಕ್ಕೇ.

ಈ ಮಾತಿಗೆ ಮತ್ತೊಂದು ಮುಖವೂ ಇದೆ. 1992ರ ಆಗಸ್ಟ್‌ನಲ್ಲಿ ನೈನರ್ಸ್ ಚಾರ್ಲ್ಸ್ ಹೇಲಿ ಅವರನ್ನು ಡಲ್ಲಸ್‌ಗೆ ಎರಡು ಪಿಕ್‌ಗಳಿಗೆ ಬಿಟ್ಟುಕೊಟ್ಟಿತು. ಆ ಋತುವಿನಲ್ಲೂ ಮರು ಋತುವಿನಲ್ಲೂ ಸೂಪರ್ ಬೌಲ್‌ನ ಹೊಸ್ತಿಲಲ್ಲಿ ನೈನರ್ಸ್ ತಂಡವನ್ನು ತಡೆದು ಹಿಂದಕ್ಕೆ ಕಳಿಸಿದ್ದು ಅದೇ ಡಲ್ಲಸ್.

ಈಚಿನವುಗಳಲ್ಲಿ ಎರಡನ್ನು ಬೇಗ ಹೇಳಿ ಮುಗಿಸುತ್ತೇನೆ. 2013ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್ ತಂಡ ಸೂಪರ್ ಬೌಲ್‌ನಲ್ಲಿ ನೈನರ್ಸ್ ತಂಡವನ್ನು ಸೋಲಿಸಿತು. ಮರುತಿಂಗಳೇ ಆ ತಂಡದ ರಿಸೀವರ್ ಆಂಕ್ವಾನ್ ಬೋಲ್ಡಿನ್ ಆರನೆಯ ಸುತ್ತಿನ ಒಂದೇ ಪಿಕ್‌ಗೆ ಇತ್ತ ಬಂದು, ಮೊದಲ ಪಂದ್ಯದಲ್ಲೇ 208 ಯಾರ್ಡ್ ಗಳಿಸಿದರು. 2020ರಲ್ಲಿ ವಾಷಿಂಗ್ಟನ್‌ನಿಂದ ಟ್ರೆಂಟ್ ವಿಲಿಯಮ್ಸ್ ಬಂದದ್ದು ಒಂದು ಐದನೆಯ ಮತ್ತು ಒಂದು ಮೂರನೆಯ ಸುತ್ತಿನ ಪಿಕ್‌ಗೆ. ಚೆಂಡು ಮುಟ್ಟದ ಆಟಗಾರನಾದ್ದರಿಂದ ಹೊಸಬರ ಕಣ್ಣಿಗೆ ಅವರು ಬೀಳುವುದಿಲ್ಲ. ಒಂದು ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಎಡತುದಿಯಲ್ಲಿ ನಿಲ್ಲುವ 71ನೇ ಅಂಗಿಯನ್ನೇ ನೋಡುತ್ತ ಕುಳಿತರೆ ಅವರ ಬೆಲೆ ತಿಳಿಯುತ್ತದೆ.

ಕ್ರಿಶ್ಚಿಯನ್ ಮಕ್ಯಾಫ್ರಿ ಅವರ ವಿಷಯ ಹಾಗಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. 2022ರ ಅಕ್ಟೋಬರ್ 20ರ ರಾತ್ರಿ ಕ್ಯಾರೊಲೈನಾ ಪ್ಯಾಂಥರ್ಸ್ ತಂಡಕ್ಕೆ ನಾಲ್ಕು ಪಿಕ್‌ಗಳನ್ನು ಕೊಡಲು ಒಪ್ಪಂದವಾಯಿತು: 2023ರ ಎರಡು, ಮೂರು, ನಾಲ್ಕನೆಯ ಸುತ್ತಿನವು ಮತ್ತು 2024ರ ಐದನೆಯದು. ಮೂರೇ ದಿನಗಳ ನಂತರ ಲೀವೈಸ್ ಸ್ಟೇಡಿಯಮ್ಮಿನಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ ಪಂದ್ಯ. ನಾನು ಮಗನೊಡನೆ ಮೇಲಿನ ಅಂತಸ್ತಿನಲ್ಲಿದ್ದೆ. 23ನೇ ಅಂಗಿ ಮೊದಲ ಸಲ ಮೈದಾನಕ್ಕಿಳಿದಾಗ, ಚೆಂಡು ಅವರ ಕೈಗೆ ಹೋಗುವ ಮೊದಲೇ, ನಮ್ಮ ಮುಂದಿನ ಸಾಲುಗಳೆಲ್ಲ ಎದ್ದು ನಿಂತವು. ಅಂದು ತಂಡ 44–23ರಲ್ಲಿ ಸೋತಿತು. ಮಗ ರೈಲು ನಿಲ್ದಾಣದವರೆಗೂ ಮಾತಾಡಲಿಲ್ಲ. ಮುಂದಿನ ಭಾನುವಾರ ರ‍್ಯಾಮ್ಸ್ ವಿರುದ್ಧ ಮಕ್ಯಾಫ್ರಿ ಒಂದು ಟಚ್‌ಡೌನ್ ಎಸೆದು, ಒಂದನ್ನು ಓಡಿ, ಒಂದನ್ನು ಹಿಡಿದರು. ಅಲ್ಲಿಂದ ಆ ಋತುವಿನ ಲೀಗ್ ಹಂತದ ಹತ್ತೂ ಪಂದ್ಯಗಳನ್ನು ತಂಡ ಗೆದ್ದಿತು. 2023ರಲ್ಲಿ 1,459 ಯಾರ್ಡ್ ಓಡಿ ಅವರು ಇಡೀ ಲೀಗಿಗೆ ಮೊದಲಿಗರಾದರು. ಇವರು ಓದಿ ಆಡಿದ್ದು ನಮ್ಮ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲೇ, ಇವರ ತಂದೆ ಎಡ್ 1994ರ ಋತುವಿನಲ್ಲಿ ನೈನರ್ಸ್ ಆಟಗಾರ. ಹಿತ್ತಲ ಗಿಡವನ್ನು ದೂರದಿಂದ ತರಿಸಿಕೊಂಡಂತಾಯಿತು.

ಟ್ರೇ ಲಾನ್ಸ್ ಹೆಸರನ್ನು ಮಾತ್ರ ನೀವಾಗಿ ಎತ್ತಬೇಡಿ ಎಂದು ನನ್ನ ಸಲಹೆ. 2021ರಲ್ಲಿ ಈ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಕೊಂಡ ಮೂರನೆಯ ಸರದಿಗೆ ಏರಲು ತಂಡ ಮಯಾಮಿಗೆ ಮೂರು ಮೊದಲ ಸುತ್ತಿನ ಪಿಕ್‌ಗಳನ್ನೂ ಒಂದು ಮೂರನೆಯದನ್ನೂ ಕೊಟ್ಟಿತು. ಆ ಹುಡುಗ ಗಾಯಗೊಂಡು, ನೈನರ್ಸ್ ಪರವಾಗಿ ಆರಂಭದಿಂದ ಆಡಿದ್ದು ನಾಲ್ಕೇ ಪಂದ್ಯ. ತಂಡವನ್ನು ಎತ್ತಿ ಹಿಡಿದವರು 2022ರ ಡ್ರಾಫ್ಟಿನ ಕಟ್ಟಕಡೆಯ, 262ನೆಯ ಪಿಕ್ ಆದ ಬ್ರಾಕ್ ಪರ್ಡಿ. ಈ ಗಾಯ ಹೊಸದು. ಊರಿನವರೇ ಹೇಳಿದರೆ ಕೇಳಿಸಿಕೊಳ್ಳಿ.

ಮಾತಿಗೆ ಇಳಿಯುವಾಗ ಅರವತ್ತು ದಾಟಿದವರಲ್ಲಿ ಫ್ರೆಡ್ ಡೀನ್ ಬಗ್ಗೆ, ಐವತ್ತರ ಆಸುಪಾಸಿನವರಲ್ಲಿ ಯಂಗ್ ಬಗ್ಗೆ, ಹೈಸ್ಕೂಲು ಮಕ್ಕಳಲ್ಲಿ ಮಕ್ಯಾಫ್ರಿ ಬಗ್ಗೆ ಕೇಳಿ ನೋಡಿ. ಸ್ಟೇಡಿಯಮ್ಮಿಗೆ ಹೋಗಲು ವಿಟಿಎ ರೈಲಿನಲ್ಲಿ ಗ್ರೇಟ್ ಅಮೆರಿಕಾ ನಿಲ್ದಾಣದಲ್ಲಿ ಇಳಿಯಿರಿ. ಪಾರದರ್ಶಕ ಚೀಲವನ್ನಷ್ಟೇ ಒಯ್ಯಿರಿ. ಸೆಪ್ಟೆಂಬರ್‌ನಲ್ಲಿ ಪೂರ್ವ ದಿಕ್ಕಿನ ಸೀಟುಗಳಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುತ್ತದೆ, ಟೋಪಿ ಮರೆಯಬೇಡಿ. ಒಳಗಿರುವ ನೈನರ್ಸ್ ಮ್ಯೂಸಿಯಮ್ಮಿಗೆ ಪಂದ್ಯವಿಲ್ಲದ ದಿನ ಹೋದರೆ ಮಕ್ಕಳಿಗೆ ನಿಂತು ನೋಡಲು ಬಿಡುವಿರುತ್ತದೆ. ನಮ್ಮ ಹಿರಿಯರು ಹೋದ ವರ್ಷ ಮಗಳ ಮನೆಗೆ ವಾಸ ಬದಲಿಸಿದರು. ಹೊರಡುವ ಮುನ್ನಾದಿನ ಆ ಚೌಕಟ್ಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಮಗನ ಕೈಗಿತ್ತರು. ಈಗ ಅದು ನಮ್ಮ ಗ್ಯಾರೇಜಿನ ಗೋಡೆಯ ಮೇಲಿದೆ. ನೋಡಬೇಕೆನಿಸಿದವರು ಯಾವ ಭಾನುವಾರವಾದರೂ ಬನ್ನಿ.